ಬದುವಿಲ್ಲದ ಗದ್ದೆ: ಕಂಪ್ಯೂಟರಿನ ಮೆಮೊರಿಗೆ ಗೋಡೆ ಬಂದ ಕಥೆ



ಕಳೆದ ದೀಪಾವಳಿಗೆ ನಮ್ಮ ಅಕ್ಕನ ಮೊಮ್ಮಗ ಮನೆಗೆ ಬಂದಿದ್ದ. ಇಂಜಿನಿಯರಿಂಗ್ ಓದುತ್ತಿರುವ ಹುಡುಗ. ಹೋಳಿಗೆ ಊಟವಾದ ಮೇಲೆ ತನ್ನ ಲ್ಯಾಪ್‌ಟಾಪ್ ತೆರೆದು, ತಾನೇ ಬರೆದ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಂ ತೋರಿಸಿದ. ಕಪ್ಪು ಪರದೆಯ ಮೇಲೆ ಅವನ ಹೆಸರು, ಮೂಲೆಯಲ್ಲೊಂದು ಗಡಿಯಾರ, ಆಡಲು ಹಾವಿನ ಆಟ. ನನಗೆ ಬಹಳ ಸಂತೋಷವಾಯಿತು. "ಒಂದು ಪ್ರೋಗ್ರಾಂ ಇನ್ನೊಂದರ ಜಾಗಕ್ಕೆ ನುಗ್ಗಿದರೆ ಇದು ತಡೆಯುತ್ತದೆಯೇ?" ಎಂದು ಕೇಳಿದೆ. ಅವನು ನಕ್ಕು, "ಇಲ್ಲ ತಾತ, ಮೆಮೊರಿ ಪ್ರೊಟೆಕ್ಷನ್ ಹಾಕಿಲ್ಲ. ಹವ್ಯಾಸಕ್ಕೆ ಮಾಡಿದ್ದು ತಾನೇ? ಗೋಡೆ ಕಟ್ಟಲು ಹೋದರೆ ಕೆಲಸ ದುಪ್ಪಟ್ಟು" ಎಂದ.

ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಆದರೆ ಆ ರಾತ್ರಿ ನನಗೆ ನಿದ್ರೆ ಹತ್ತಲಿಲ್ಲ. 1994ರ ಒಂದು ಸಂಜೆ ಕಣ್ಣ ಮುಂದೆ ಬಂದು ನಿಂತಿತು. ಇಷ್ಟು ವರ್ಷ ಯಾರೊಡನೆಯೂ ಹೇಳಿಕೊಳ್ಳದ ಆ ಪ್ರಸಂಗವನ್ನೂ, ಅದರ ಹಿಂದಿರುವ ಚರಿತ್ರೆಯನ್ನೂ ಇಂದು ಬರೆಯಬೇಕೆನಿಸಿದೆ.

ಆಗ ನಾನು ಬಳ್ಳಾರಿ ನಗರದ ಒಂದು ಪ್ರೌಢಶಾಲೆಯಲ್ಲಿ ಗಣಿತ, ವಿಜ್ಞಾನ ಬೋಧಿಸುತ್ತಿದ್ದೆ. ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ತಮ್ಮ ಕಚೇರಿಯಲ್ಲಿ ಬಳಸಿ ಬಿಟ್ಟ ಒಂದು ಕಂಪ್ಯೂಟರನ್ನು ದಾನವಾಗಿ ಕೊಟ್ಟಿದ್ದರು. 640 ಕಿಲೋಬೈಟ್ ಮೆಮೊರಿ, ಎರಡು ಫ್ಲಾಪಿ ಡ್ರೈವ್. ಹಾರ್ಡ್ ಡಿಸ್ಕ್ ಇರಲಿಲ್ಲ. ಇಡೀ ಶಾಲೆಗೆ ಅದೊಂದೇ ಯಂತ್ರ. ಬೆಳಿಗ್ಗೆ ಕಚೇರಿಯ ಕೆಲಸ, ಮಧ್ಯಾಹ್ನ ಮಕ್ಕಳ ಪಾಠ, ಸಂಜೆ ನನ್ನ ಅಂಕಪಟ್ಟಿಯ ಕೆಲಸ. ಕುರುಗೋಡಿನಿಂದ ದಿನವೂ ಬಸ್ಸಿನಲ್ಲಿ ಬರುತ್ತಿದ್ದ ಒಂಬತ್ತನೆಯ ತರಗತಿಯ ಹುಡುಗನೊಬ್ಬನಿಗೆ ಆ ಯಂತ್ರವೆಂದರೆ ಪ್ರಾಣ. ಸಂಜೆಯ ಬಸ್ಸು ತಪ್ಪಿದರೂ ಚಿಂತೆಯಿಲ್ಲವೆಂಬಂತೆ ಅದರ ಮುಂದೆ ಕೂರುತ್ತಿದ್ದ. ಬೇಸಿಕ್ ಭಾಷೆಯಲ್ಲಿ ಪೋಕ್ ಎಂಬ ಒಂದು ಆಜ್ಞೆಯಿದೆ. ಮೆಮೊರಿಯ ಇಂಥ ವಿಳಾಸದಲ್ಲಿ ಇಂಥ ಅಂಕಿಯನ್ನು ಬರೆ ಎಂದು ಅದರ ಅರ್ಥ. ಅದನ್ನು ಬಳಸಿ ಪರದೆಯ ಮೇಲೆ ಕ್ಷಣಾರ್ಧದಲ್ಲಿ ಅಕ್ಷರಗಳನ್ನು ಮೂಡಿಸುವ ಉಪಾಯವನ್ನು ಯಾವುದೋ ಪುಸ್ತಕದಿಂದ ಅವನು ಕಲಿತಿದ್ದ.

ಒಂದು ಸಂಜೆ ಅವನು ಎದ್ದುಹೋದ ಮೇಲೆ, ಯಂತ್ರವನ್ನು ಆರಿಸದೆಯೇ, ನಾನು ನನ್ನ ಫ್ಲಾಪಿ ಹಾಕಿ ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳನ್ನು ತೆರೆದೆ. ಒಂದು ವಾರ ಕೂತು ತುಂಬಿದ್ದ ಪಟ್ಟಿ. ನಾಲ್ಕು ಹೆಸರು ಸೇರಿಸಿ ಉಳಿಸಿದೆ. ಮತ್ತೆ ತೆರೆದಾಗ ಅರ್ಧ ಪಟ್ಟಿ ಅರ್ಥವಿಲ್ಲದ ಚಿಹ್ನೆಗಳಾಗಿತ್ತು. ಮರುದಿನ ಫ್ಲಾಪಿಯೇ ಓದಲು ಬರಲಿಲ್ಲ. ನಾನು ಆ ಹುಡುಗನನ್ನು ಇಡೀ ತರಗತಿಯ ಮುಂದೆ ನಿಲ್ಲಿಸಿ, "ಇವನು ಶಾಲೆಯ ಕಂಪ್ಯೂಟರ್ ಕೆಡಿಸಿದ" ಎಂದು ಹೇಳಿ, ಆ ವರ್ಷವಿಡೀ ಯಂತ್ರವನ್ನು ಮುಟ್ಟಕೂಡದೆಂದು ಶಿಕ್ಷೆ ವಿಧಿಸಿದೆ. ಅವನು ತಲೆ ತಗ್ಗಿಸಿ ನಿಂತಿದ್ದ. ಮುಂದಿನ ವರ್ಷ ನಿಷೇಧ ಮುಗಿದ ಮೇಲೂ ಅವನು ಆ ಕೋಣೆಗೆ ಬರಲಿಲ್ಲ.

ಆ ಶಿಕ್ಷೆ ನ್ಯಾಯವಾಗಿತ್ತೇ? ಇದಕ್ಕೆ ಉತ್ತರ ಹೇಳಬೇಕಾದರೆ ಮೆಮೊರಿಯ ಗೋಡೆ ಎಂದರೇನೆಂದು ತಿಳಿಯಬೇಕು.

ನಮ್ಮದು ಮೂಲತಃ ಸಿರುಗುಪ್ಪ. ತುಂಗಭದ್ರೆಯ ನೀರುಂಡು ಬೆಳೆದ ಭತ್ತದ ಸೀಮೆ. ವಿಜಯನಗರದ ಅರಸರ ಕಾಲದ ಕಾಲುವೆಗಳು ಇಂದಿಗೂ ಅಲ್ಲಿ ಹರಿಯುತ್ತವೆ. ಗದ್ದೆಗೂ ಗದ್ದೆಗೂ ನಡುವೆ ಬದುವಿರುವುದನ್ನು ನೀವೆಲ್ಲ ನೋಡಿದ್ದೀರಿ. ಬದುವಿನ ಮೇಲೆ ಭತ್ತ ಬೆಳೆಯುವುದಿಲ್ಲ, ಅಷ್ಟು ನೆಲ ನಷ್ಟವೇ. ಪ್ರತಿ ವರ್ಷ ಅದನ್ನು ಕಡಿದು ಮೆತ್ತುವ ಕೂಲಿ ಬೇರೆ. ಆದರೂ ರೈತ ಬದು ಹಾಕುತ್ತಾನೆ. ಒಂದು, ತನ್ನ ನೀರು ತನ್ನಲ್ಲೇ ನಿಲ್ಲಲಿ ಎಂದು. ಇನ್ನೊಂದು ಕಾರಣವೂ ಉಂಟು. ಬದು ಒಡೆದರೆ ಎಲ್ಲಿ ಒಡೆಯಿತು, ಯಾರ ಕಡೆಯಿಂದ ಒಡೆಯಿತು ಎಂಬುದು ಬೆಳಿಗ್ಗೆ ಹೋಗಿ ನೋಡಿದವರಿಗೆ ಕಾಣುತ್ತದೆ. ಬದುವೇ ಇಲ್ಲದಿದ್ದರೆ ಜಗಳ ಬಗೆಹರಿಸಲು ಸಾಕ್ಷಿಯೇ ಇರುವುದಿಲ್ಲ.

ಕಂಪ್ಯೂಟರಿನ ಮೆಮೊರಿಯೂ ಇಂಥದೇ ಒಂದು ಬಯಲು. ಆಪರೇಟಿಂಗ್ ಸಿಸ್ಟಂ, ನಮ್ಮ ಪ್ರೋಗ್ರಾಂಗಳು, ನಮ್ಮ ಮಾಹಿತಿ ಎಲ್ಲವೂ ಒಂದೇ ಬಯಲಿನಲ್ಲಿ ಇರುತ್ತವೆ. ಯಾವ ಪ್ರೋಗ್ರಾಂ ಎಲ್ಲಿಯವರೆಗೆ ಓದಬಹುದು, ಬರೆಯಬಹುದು ಎಂಬುದನ್ನು ಪ್ರೊಸೆಸರೇ ಕಾದು ನೋಡುವ ಏರ್ಪಾಡಿಗೆ ಮೆಮೊರಿ ಪ್ರೊಟೆಕ್ಷನ್ ಎನ್ನುತ್ತಾರೆ. ಗಡಿ ದಾಟಿದ ಪ್ರೋಗ್ರಾಂ ಅಲ್ಲಿಯೇ ನಿಲ್ಲುತ್ತದೆ, ಅದರ ಹೆಸರು ಪರದೆಯ ಮೇಲೆ ಬರುತ್ತದೆ.

ಈ ಗೋಡೆ ಹುಟ್ಟಿದ್ದು ದೊಡ್ಡ ಯಂತ್ರಗಳ ಕಾಲದಲ್ಲಿ. ಒಂದು ಕಂಪ್ಯೂಟರಿಗೆ ಕೋಟಿಗಟ್ಟಲೆ ಹಣ ಬೇಕಾಗಿದ್ದಾಗ ಹಲವರು ಒಂದನ್ನೇ ಹಂಚಿಕೊಳ್ಳಬೇಕಾಗಿತ್ತು. 1961ರಲ್ಲಿ ಅಮೆರಿಕದ ಎಂಐಟಿಯಲ್ಲಿ ಫರ್ನಾಂಡೋ ಕೊರ್ಬಾಟೊ ಅವರ ತಂಡ ಸಿಟಿಎಸ್‌ಎಸ್ ಎಂಬ ವ್ಯವಸ್ಥೆಯನ್ನು ಪ್ರದರ್ಶಿಸಿತು. ಮುಂದೆ ಅದಕ್ಕಾಗಿ ಐಬಿಎಂ ಯಂತ್ರವನ್ನೇ ಮಾರ್ಪಡಿಸಿ, ಬಳಕೆದಾರರ ಪ್ರೋಗ್ರಾಂಗಳು ಮೇಲ್ವಿಚಾರಕ ಪ್ರೋಗ್ರಾಂನ ಜಾಗಕ್ಕೆ ಹೋಗದಂತೆ ಗಡಿ ಹಾಕಲಾಯಿತು. 1962ರ ಹೊತ್ತಿಗೆ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ಅಟ್ಲಾಸ್ ಯಂತ್ರ ಮೆಮೊರಿಯನ್ನು ಪುಟಗಳಾಗಿ ವಿಂಗಡಿಸುವ ವಿಧಾನವನ್ನು ತೋರಿಸಿಕೊಟ್ಟಿತು. ಹಂಚಿಕೊಳ್ಳುವವರು ಇದ್ದುದರಿಂದಲೇ ಗೋಡೆ ಬಂದಿತೆಂಬುದನ್ನು ಗಮನಿಸಿ.

ಇದಕ್ಕೆ ಒಂದು ಸೊಗಸಾದ ಅಪವಾದವಿದೆ. ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಮ್ಸನ್ ಮತ್ತು ಡೆನಿಸ್ ರಿಚ್ಚಿ 1969ರಲ್ಲಿ ಆರಂಭಿಸಿದ ಯುನಿಕ್ಸ್ ಮೊದಲು ನಡೆದದ್ದು ಯಾರೂ ಬಳಸದೆ ಬಿಟ್ಟಿದ್ದ ಸಣ್ಣ ಯಂತ್ರದ ಮೇಲೆ. ಆನಂತರ ಅವರಿಗೆ ದೊರೆತ ಪಿಡಿಪಿ-11 ಯಂತ್ರದಲ್ಲಿ ಇದ್ದುದು 24 ಕಿಲೋಬೈಟ್ ಮೆಮೊರಿ, ಅರ್ಧ ಮೆಗಾಬೈಟ್ ಡಿಸ್ಕ್. ಗೋಡೆಯಿರಲಿಲ್ಲ. 1971ರಲ್ಲಿ ಅದೇ ಯಂತ್ರದ ಮೇಲೆ ಸಂಸ್ಥೆಯ ಪೇಟೆಂಟ್ ವಿಭಾಗದ ಬೆರಳಚ್ಚುಗಾರರು ಅರ್ಜಿಗಳನ್ನು ಟೈಪ್ ಮಾಡುತ್ತಿದ್ದರು. ಪಕ್ಕದಲ್ಲೇ ಥಾಮ್ಸನ್, ರಿಚ್ಚಿ ತಮ್ಮ ಹೊಸ ಪ್ರೋಗ್ರಾಂಗಳನ್ನು ಪರೀಕ್ಷಿಸುತ್ತಿದ್ದರು. ಒಂದು ಹೊಸ ಪ್ರೋಗ್ರಾಂ ಓಡಿಸಬೇಕಾದರೆ ಧೈರ್ಯವೂ ಬೇಕಾಗಿತ್ತು, ಎಚ್ಚರವೂ ಬೇಕಾಗಿತ್ತು. ಏಕೆಂದರೆ ಅದು ಇಡೀ ವ್ಯವಸ್ಥೆಯನ್ನೇ ಸುಲಭವಾಗಿ ಬೀಳಿಸಬಹುದಿತ್ತು ಎಂದು ರಿಚ್ಚಿಯವರೇ ಮುಂದೆ ನೆನಪಿಸಿಕೊಂಡಿದ್ದಾರೆ. ಇದನ್ನು ಓದಿದಾಗ ನನಗೆ ಬಳ್ಳಾರಿಯ ಆ ಕೋಣೆ ಕಂಡಿತು. ವ್ಯತ್ಯಾಸವಿಷ್ಟೇ: ಅಲ್ಲಿ ಅಪಾಯವಿದೆಯೆಂದು ಎಲ್ಲರಿಗೂ ಗೊತ್ತಿತ್ತು. ಮುಂದೆ ಗೋಡೆಯ ಸೌಲಭ್ಯವಿದ್ದ ಯಂತ್ರ ಬಂದಾಗ ಅವರು ಅದಕ್ಕೆ ಬದಲಾದರು.

ಸಣ್ಣ ಕಂಪ್ಯೂಟರುಗಳು ಬಂದಾಗ ಲೋಕ ಮತ್ತೆ ಗೋಡೆಯಿಲ್ಲದ ಕಾಲಕ್ಕೆ ಹೋಯಿತು. 1981ರ ಐಬಿಎಂ ಪಿಸಿಯಲ್ಲಿದ್ದ 8088 ಪ್ರೊಸೆಸರಿಗೆ ಗಡಿ ಕಾಯುವ ಶಕ್ತಿಯೇ ಇರಲಿಲ್ಲ. ಒಬ್ಬ ಮನುಷ್ಯ, ಒಂದು ಯಂತ್ರ, ಒಂದು ಪ್ರೋಗ್ರಾಂ, ಇನ್ನು ಗೋಡೆ ಯಾರಿಗೆ ಎಂಬುದು ಆ ಕಾಲದ ತರ್ಕ. 1985ರಲ್ಲಿ ಬಂದ ಅಮಿಗಾ ಕಂಪ್ಯೂಟರ್ ಒಟ್ಟಿಗೆ ಹಲವು ಪ್ರೋಗ್ರಾಂಗಳನ್ನು ಓಡಿಸುತ್ತಿತ್ತು, ಆದರೆ ಗೋಡೆಯಿರಲಿಲ್ಲ. ಒಂದು ಪ್ರೋಗ್ರಾಂ ಇನ್ನೊಂದಕ್ಕೆ ಸಂದೇಶ ಕೊಡಬೇಕಾದರೆ ಅದನ್ನು ನಕಲು ಮಾಡುವುದೂ ಬೇಡ, ಅದಿರುವ ವಿಳಾಸ ಹೇಳಿದರೆ ಸಾಕು. ಆದ್ದರಿಂದಲೇ ಅದು ಚುರುಕಾಗಿತ್ತು. ಆದ್ದರಿಂದಲೇ ಒಂದು ಪ್ರೋಗ್ರಾಂ ಎಡವಿದರೆ ಇಡೀ ಯಂತ್ರ ಬೀಳುತ್ತಿತ್ತು.

ನಮ್ಮ ದೇಶದ ಶಾಲೆಗಳಿಗೆ ಕಂಪ್ಯೂಟರ್ ಬಂದದ್ದು 1984-85ರಲ್ಲಿ, ಕ್ಲಾಸ್ ಎಂಬ ಕೇಂದ್ರ ಸರ್ಕಾರದ ಯೋಜನೆಯ ಮೂಲಕ. ಸುಮಾರು 250 ಶಾಲೆಗಳಿಗೆ ಬಿಬಿಸಿ ಮೈಕ್ರೋ ಯಂತ್ರಗಳನ್ನು ಕೊಟ್ಟರು. ಅದರಲ್ಲಿಯೂ ಗೋಡೆಯಿರಲಿಲ್ಲ, ಆದರೆ ಒಂದು ಆಸರೆಯಿತ್ತು. ಅದರ ಆಪರೇಟಿಂಗ್ ಸಿಸ್ಟಂ ಅಳಿಸಲಾಗದ ರಾಮ್ ಅಲ್ಲದ ಚಿಪ್‌ನಲ್ಲಿ, ಅಂದರೆ ರೋಮ್‌ನಲ್ಲಿ ಇತ್ತು. ಮಗು ಏನು ಬರೆದು ಕೆಡಿಸಿದರೂ ಯಂತ್ರ ಆರಿಸಿ ಹಚ್ಚಿದರೆ ಎಲ್ಲವೂ ಮೊದಲಿನಂತೆ. ಮಕ್ಕಳು ತಪ್ಪು ಮಾಡಿ ಕಲಿಯಲು ಇದಕ್ಕಿಂತ ಒಳ್ಳೆಯ ಹಲಗೆ ಬೇರೆ ಇರಲಿಲ್ಲ. ನಮ್ಮ ಶಾಲೆಗೆ ದಾನ ಬಂದ ಯಂತ್ರದಲ್ಲಿ ಆ ಆಸರೆಯೂ ಇರಲಿಲ್ಲ. ಅಲ್ಲಿ ಆಪರೇಟಿಂಗ್ ಸಿಸ್ಟಂ ಫ್ಲಾಪಿಯಿಂದ ಸಾಮಾನ್ಯ ಮೆಮೊರಿಗೆ ಬಂದು ಕೂರುತ್ತಿತ್ತು. ಡಿಸ್ಕಿನ ಯಾವ ಭಾಗದಲ್ಲಿ ಯಾವ ಕಡತವಿದೆ ಎಂಬ ಲೆಕ್ಕವೂ ಅಲ್ಲಿಯೇ. ತಪ್ಪು ವಿಳಾಸಕ್ಕೆ ಬರೆದ ಒಂದು ಪೋಕ್ ಆ ಲೆಕ್ಕವನ್ನು ಕೆಡಿಸಿದರೆ ಆಗ ಏನೂ ಕಾಣುವುದಿಲ್ಲ. ಆಮೇಲೆ ಕೂತವನು ತನ್ನ ಕಡತ ಉಳಿಸಿದಾಗ ಆ ತಪ್ಪು ಲೆಕ್ಕ ಫ್ಲಾಪಿಗೆ ಹೋಗುತ್ತದೆ.

ಹಾಗಾದರೆ ತಪ್ಪು ಹುಡುಗನದೇ ಎನ್ನುವಿರಾ? ತಾಳಿ.

ಅದೇ ಬಯಲಿನಲ್ಲಿ ಇನ್ನೊಬ್ಬ ಅತಿಥಿಯೂ ಇರಬಹುದಿತ್ತು. 1986ರಲ್ಲಿ ಲಾಹೋರಿನಲ್ಲಿ ಹುಟ್ಟಿದ ಬ್ರೈನ್ ಎಂಬ ವೈರಸ್ ಫ್ಲಾಪಿಗಳ ಮೂಲಕ ಜಗತ್ತನ್ನು ಸುತ್ತಿತು. 1990ರಲ್ಲಿ ನಮ್ಮ ಭಾರತದಲ್ಲಿಯೇ ಜೋಶಿ ಎಂಬ ವೈರಸ್ ಪತ್ತೆಯಾಯಿತು. ಅದು ಪ್ರತಿ ವರ್ಷ ಜನವರಿ 5ರಂದು ಯಂತ್ರವನ್ನು ನಿಲ್ಲಿಸಿ, "ಹ್ಯಾಪಿ ಬರ್ತ್‌ಡೇ ಜೋಶಿ" ಎಂದು ಟೈಪ್ ಮಾಡಿರೆಂದು ಕೇಳುತ್ತಿತ್ತು. ಇಂಥವು ಮಾಡುತ್ತಿದ್ದುದು ಇಷ್ಟೇ: ಮೆಮೊರಿಯ ಒಂದು ಮೂಲೆಯಲ್ಲಿ ಅಡಗಿ ಕುಳಿತು, ಮೆಮೊರಿಯ ಬುಡದ 1024 ಬೈಟ್‌ಗಳಲ್ಲಿರುವ ವಿಳಾಸಗಳ ಪಟ್ಟಿಯನ್ನು ತಿದ್ದುವುದು. ಡಿಸ್ಕ್ ಓದುವ ಕೆಲಸಕ್ಕೆ ಯಾರನ್ನು ಕರೆಯಬೇಕು ಎಂದು ಆ ಪಟ್ಟಿಯಲ್ಲಿದೆ. ಅಲ್ಲಿ ತನ್ನ ಹೆಸರು ಬರೆದುಕೊಂಡರೆ ಮುಗಿಯಿತು, ಮುಂದೆ ಹಾಕಿದ ಪ್ರತಿ ಫ್ಲಾಪಿಗೂ ಅದೇ ಹರಡುತ್ತದೆ. ಹುಡುಗನ ಪೋಕ್ ಆಜ್ಞೆಗೆ ಯಾವ ಬಾಗಿಲು ತೆರೆದಿತ್ತೋ ವೈರಸ್ಸಿಗೂ ಅದೇ ಬಾಗಿಲು ತೆರೆದಿತ್ತು. ಕುತೂಹಲಿಗೂ ಕಳ್ಳನಿಗೂ ವ್ಯತ್ಯಾಸ ತಿಳಿಯದ ಮನೆ ಅದು.

ಈಗ ನಾನು ಒಪ್ಪಿಕೊಳ್ಳಬೇಕಾದ ಮಾತು ಬಂತು. ಆ ಘಟನೆಯ ಹಿಂದಿನ ವಾರ ನಾನು ಅದೇ ಫ್ಲಾಪಿಯನ್ನು ಮುದ್ರಣಕ್ಕೆಂದು ನಗರದ ಒಂದು ಡಿಟಿಪಿ ಅಂಗಡಿಗೆ ಒಯ್ದಿದ್ದೆ. ಹತ್ತಾರು ಜನರ ಫ್ಲಾಪಿಗಳು ಹೋಗಿ ಬರುವ ಜಾಗ ಅದು. ವೈರಸ್ ಎಂಬುದಿದೆಯೆಂದು ನನಗೆ ಆಗಲೇ ಗೊತ್ತಿತ್ತು. ಆದರೂ ಅದನ್ನು ಬಾಯಿ ಬಿಡಲಿಲ್ಲ. ಪಟ್ಟಿ ಕೆಟ್ಟದ್ದು ಹುಡುಗನ ಪೋಕ್‌ನಿಂದಲೋ, ನಾನೇ ಹೊತ್ತು ತಂದ ವೈರಸ್ಸಿನಿಂದಲೋ, ಹಳೆಯ ಫ್ಲಾಪಿಯ ಧೂಳಿನಿಂದಲೋ ಎಂದು ಆ ಯಂತ್ರದಲ್ಲಿ ತಿಳಿಯುವ ದಾರಿಯೇ ಇರಲಿಲ್ಲ. ಬದುವಿಲ್ಲದ ಗದ್ದೆಯಲ್ಲಿ ನೀರು ಯಾರದೆಂದು ಹೇಗೆ ಹೇಳುವುದು? ಸಾಕ್ಷಿ ಇಲ್ಲದ ಕಡೆ ಶಿಕ್ಷೆ ಹೋಗಿ ಬೀಳುವುದು ದುರ್ಬಲನ ಮೇಲೆ. ನಾನು ಮೇಷ್ಟ್ರು, ಅವನು ಹುಡುಗ.

ಚರಿತ್ರೆಗೆ ಮರಳೋಣ. 1985ರಲ್ಲಿ ಇಂಟೆಲ್ ಕಂಪನಿ ತಂದ 80386 ಪ್ರೊಸೆಸರ್ ದೊಡ್ಡ ಯಂತ್ರಗಳ ಗೋಡೆಯನ್ನು ಸಾಮಾನ್ಯರ ಮೇಜಿಗೆ ತಂದಿತು. ಅದು ಮೆಮೊರಿಯನ್ನು 4 ಕಿಲೋಬೈಟಿನ ಪುಟಗಳಾಗಿ ವಿಂಗಡಿಸುತ್ತದೆ. ಪ್ರತಿ ಪುಟ ಯಾರದು, ಬರೆಯಬಹುದೇ ಎಂಬ ವಿವರಕ್ಕೆ 4 ಬೈಟ್ ಬೇಕು. ಲೆಕ್ಕ ಹಾಕಿ ನೋಡಿ, 4096ಕ್ಕೆ 4. ಬದುವಿಗೆ ಹೋದ ನೆಲ ಸಾವಿರದಲ್ಲಿ ಒಂದು ಪಾಲು ಮಾತ್ರ! ನಿಜವಾದ ಖರ್ಚು ನೆಲದ್ದಲ್ಲ, ಸಮಯದ್ದು. ಒಂದು ಪ್ರೋಗ್ರಾಂನಿಂದ ಇನ್ನೊಂದಕ್ಕೆ ಹೋಗುವಾಗ, ಆಪರೇಟಿಂಗ್ ಸಿಸ್ಟಂನ ಸಹಾಯ ಕೇಳುವಾಗ, ಪ್ರತಿ ಬಾರಿಯೂ ಬಾಗಿಲು ತೆಗೆದು ಹಾಕಬೇಕು. ಇನ್ನೊಂದು ಖರ್ಚು ಬರೆಯುವವನ ಶ್ರಮ. ಗೋಡೆಯ ಕೋಡ್ ತಪ್ಪಿದರೆ ತಪ್ಪು ಹುಡುಕುವುದೂ ಕಷ್ಟ. ಅಕ್ಕನ ಮೊಮ್ಮಗ ಹೇಳಿದ ದುಪ್ಪಟ್ಟು ಕೆಲಸ ಇದೇ.

ಹವ್ಯಾಸಿಗಳ ಚರಿತ್ರೆಯಲ್ಲಿ ಅತಿ ದೊಡ್ಡ ಹೆಸರು ಇಲ್ಲಿಯೇ ಬರುತ್ತದೆ. ಆಮ್ಸ್ಟರ್‌ಡ್ಯಾಮಿನ ಪ್ರಾಧ್ಯಾಪಕ ಆಂಡ್ರ್ಯೂ ಟನೆನ್‌ಬಾಮ್ 1987ರಲ್ಲಿ ವಿದ್ಯಾರ್ಥಿಗಳಿಗಾಗಿ ಮಿನಿಕ್ಸ್ ಎಂಬ ಚಿಕ್ಕ ಆಪರೇಟಿಂಗ್ ಸಿಸ್ಟಂ ಪ್ರಕಟಿಸಿದರು. ಬಡ ವಿದ್ಯಾರ್ಥಿಯ 8088 ಯಂತ್ರದಲ್ಲಿಯೂ ಅದು ನಡೆಯಬೇಕಾಗಿತ್ತು, ಹಾಗಾಗಿ ಅಲ್ಲಿ ಯಂತ್ರದ ಗೋಡೆಯಿರಲಿಲ್ಲ. ಅದನ್ನು ಓದಿ ಕಲಿತ ಹೆಲ್ಸಿಂಕಿಯ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ 1991ರ ಆಗಸ್ಟ್‌ನಲ್ಲಿ, ತಾನೊಂದು ಆಪರೇಟಿಂಗ್ ಸಿಸ್ಟಂ ಬರೆಯುತ್ತಿರುವುದಾಗಿಯೂ ಅದು ಹವ್ಯಾಸ ಮಾತ್ರವೆಂದೂ ತಿಳಿಸಿದ. ಅವನ ಬಳಿ ಇದ್ದುದು 80386 ಯಂತ್ರ. ಅದರ ಗೋಡೆ ಕಟ್ಟುವ ವಿದ್ಯೆಯನ್ನು ಕಲಿಯುವುದೇ ಅವನ ಆಸೆಗಳಲ್ಲೊಂದಾಗಿತ್ತು. ಮುಂದೆ ಆ ಹವ್ಯಾಸ ಲಿನಕ್ಸ್ ಆಯಿತು. ಹವ್ಯಾಸವಾದುದರಿಂದ ಗೋಡೆ ಬೇಡವೆನ್ನುವುದು ಒಂದು ದಾರಿ, ಹವ್ಯಾಸವಾದುದರಿಂದಲೇ ಗೋಡೆ ಕಟ್ಟಿ ನೋಡೋಣವೆನ್ನುವುದು ಇನ್ನೊಂದು.

1992ರ ಜನವರಿಯಲ್ಲಿ ಗುರು ಟನೆನ್‌ಬಾಮ್‌ಗೂ ಟೊರ್ವಾಲ್ಡ್ಸ್‌ಗೂ ವಾಗ್ವಾದ ನಡೆಯಿತು. ಮುದ್ರಕ, ಡಿಸ್ಕ್ ಮುಂತಾದವನ್ನು ನಡೆಸುವ ಭಾಗಗಳೂ ಕೋಟೆಯ ಹೊರಗಿರಲಿ, ಒಳಗೆ ಅತಿ ಕಡಿಮೆ ಜನರಿರಲಿ ಎಂಬುದು ಗುರುವಿನ ಪಕ್ಷ. ಎಲ್ಲರೂ ಒಳಗಿದ್ದರೆ ಕೆಲಸ ಬೇಗ ಎಂಬುದು ಶಿಷ್ಯನ ಪಕ್ಷ. ಜಗತ್ತು ಬಹುಮಟ್ಟಿಗೆ ಶಿಷ್ಯನ ದಾರಿ ಹಿಡಿಯಿತು. ಆದರೆ ಕೋಟೆಯ ಒಳಗೇ ಎಡವಿದರೆ ಏನಾಗುತ್ತದೆಂಬುದನ್ನು 2024ರ ಜುಲೈ 19ರಂದು ನೋಡಿದೆವು. ಕ್ರೌಡ್‌ಸ್ಟ್ರೈಕ್ ಎಂಬ ರಕ್ಷಣಾ ತಂತ್ರಾಂಶದ ದೋಷಪೂರಿತ ಪರಿಷ್ಕರಣೆಯಿಂದ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ಬಿದ್ದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಕೈಬರಹದ ಬೋರ್ಡಿಂಗ್ ಪಾಸ್ ಕೊಟ್ಟರು. ಕಾಯಬೇಕಾದದ್ದೇ ಕೋಟೆಯ ಒಳಗೆ ಕುಳಿತು ಬಿದ್ದಿತ್ತು. ಬೇಲಿಯೇ ಎದ್ದು ಹೊಲ ಮೇಯುವುದೆಂದರೆ ಇದೇ.

ನಮ್ಮ ಕರ್ನಾಟಕದ ಒಂದು ಪ್ರಯತ್ನವನ್ನು ಇಲ್ಲಿ ನೆನೆಯಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರು ಎನ್‌ಕೋರ್ ಕಂಪನಿಯೊಡನೆ ಸೇರಿ 2001ರಲ್ಲಿ ಸಿಂಪ್ಯೂಟರ್ ಎಂಬ ಅಂಗೈಯಗಲದ ಕಂಪ್ಯೂಟರನ್ನು ಲೋಕಕ್ಕೆ ಪರಿಚಯಿಸಿದರು. ಅಗ್ಗದ ಯಂತ್ರವಾಗಬೇಕೆಂದು ಹೊರಟರೂ ಅವರು ಗೋಡೆಯಿರುವ ಪ್ರೊಸೆಸರನ್ನೇ ಆರಿಸಿ, ಅದರ ಮೇಲೆ ಲಿನಕ್ಸ್ ಹಾಕಿದರು. ಏಕೆ ಅದು ಸರಿಯಾದ ಆಯ್ಕೆ ಎಂದು ನನಗೆ ಅನ್ನಿಸುತ್ತದೆಂದರೆ, ಹಳ್ಳಿಯ ಹಲವರು ಒಂದೇ ಯಂತ್ರವನ್ನು ಹಂಚಿಕೊಳ್ಳಬೇಕು, ಪ್ರತಿಯೊಬ್ಬರೂ ತಮ್ಮ ಮಾಹಿತಿಯನ್ನು ತಮ್ಮ ಸ್ಮಾರ್ಟ್ ಕಾರ್ಡಿನಲ್ಲಿ ಇಟ್ಟುಕೊಳ್ಳಬೇಕು ಎಂಬುದೇ ಅದರ ಮೂಲ ಕಲ್ಪನೆ. 2004ರಲ್ಲಿ ಮಾರುಕಟ್ಟೆಗೆ ಬಂದ ಅದು ನಿರೀಕ್ಷಿಸಿದಂತೆ ಮಾರಾಟವಾಗಲಿಲ್ಲ. ಆದರೆ ಇಂದು ನಿಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಫೋನಿನ ಬುಡದಲ್ಲಿಯೂ ಲಿನಕ್ಸ್ ಇದೆ. ಮೊಮ್ಮಕ್ಕಳ ಆಟ ನಿಮ್ಮ ಬ್ಯಾಂಕಿನ ಆ್ಯಪ್‌ನ ಮೆಮೊರಿಯನ್ನು ಇಣುಕದಿರುವುದು ಆ ಗೋಡೆಯಿಂದಲೇ.

ಹಾಗೆಂದು ಗೋಡೆಯಿಲ್ಲದವರೆಲ್ಲ ಅವಿವೇಕಿಗಳಲ್ಲ. ಅಮೆರಿಕದ ಟೆರಿ ಡೇವಿಸ್ ಎಂಬಾತ ವರ್ಷಗಟ್ಟಲೆ ಒಬ್ಬನೇ ಕುಳಿತು ಟೆಂಪಲ್‌ಓಎಸ್ ಬರೆದ. ಅದರಲ್ಲಿ ಎಲ್ಲ ಪ್ರೋಗ್ರಾಂಗಳಿಗೂ ಪೂರ್ಣ ಅಧಿಕಾರ, ಗೋಡೆ ಎಂಬುದೇ ಇಲ್ಲ. ಆದರೆ ಅದಕ್ಕೆ ಇಂಟರ್ನೆಟ್ ಸಂಪರ್ಕವೂ ಇಲ್ಲ. ಊರ ಹೊರಗಿನ ಒಂಟಿ ಮನೆ, ಬಾಗಿಲು ಹಾಕದಿದ್ದರೂ ಕಳೆದುಕೊಳ್ಳುವವನು ಒಡೆಯನೊಬ್ಬನೇ. ಇತ್ತ ಫಿನ್ಲೆಂಡಿನ ವಿಲ್ಲೆ ತುರ್ಯಾನ್ಮಾ 2000ದಲ್ಲಿ ಹೊರತಂದ ಮೆನುಎಟ್‌ಓಎಸ್ ಒಂದು ಫ್ಲಾಪಿಯಲ್ಲಿ ಹಿಡಿಯುವಷ್ಟು ಚಿಕ್ಕದು, ಆದರೂ ಅದರಲ್ಲಿ ಗೋಡೆಯಿದೆ. ಸ್ವೀಡನ್ನಿನ ಆಂಡ್ರಿಯಾಸ್ ಕ್ಲಿಂಗ್ 2018ರಲ್ಲಿ ಆರಂಭಿಸಿದ ಸೆರೆನಿಟಿಓಎಸ್ ಹವ್ಯಾಸದ್ದೇ ಆದರೂ ಗೋಡೆಯ ಮೇಲೆ ಗೋಡೆ ಕಟ್ಟಿಕೊಂಡಿತು. ಚಿಕ್ಕದು, ಹವ್ಯಾಸದ್ದು ಎಂಬುವು ಗೋಡೆ ಬೇಡವೆನ್ನಲು ಕಾರಣಗಳಲ್ಲ. ಆ ಯಂತ್ರದಲ್ಲಿ ಇನ್ನೊಬ್ಬರ ವಸ್ತು ಇದೆಯೇ ಎಂಬುದೇ ಪ್ರಶ್ನೆ.

ಗೋಡೆ ಕಟ್ಟಿದ ಮಾತ್ರಕ್ಕೆ ನಿಶ್ಚಿಂತೆಯೂ ಇಲ್ಲ. ಬಳ್ಳಾರಿಯ ಕೋಟೆಯ ಐತಿಹ್ಯ ನಿಮಗೆಲ್ಲ ಗೊತ್ತು. ಹದಿನೆಂಟನೆಯ ಶತಮಾನದಲ್ಲಿ ಹೈದರಾಲಿ ಫ್ರೆಂಚ್ ಇಂಜಿನಿಯರನಿಂದ ಕೋಟೆಯನ್ನು ಕಟ್ಟಿಸಿದನಂತೆ. ಎಲ್ಲ ಮುಗಿದ ಮೇಲೆ ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರವೆಂದು ತಿಳಿಯಿತಂತೆ. 2018ರ ಜನವರಿಯಲ್ಲಿ ಬಹಿರಂಗವಾದ ಮೆಲ್ಟ್‌ಡೌನ್ ದೋಷ ಇಂಥದೇ. ಗೋಡೆಯನ್ನು ಯಾರೂ ಒಡೆಯಲಿಲ್ಲ. ಪ್ರೊಸೆಸರ್ ವೇಗಕ್ಕಾಗಿ ಮುಂದಾಗಿ ಮಾಡಿಟ್ಟುಕೊಳ್ಳುವ ಕೆಲಸದ ಜಾಡು ಹಿಡಿದು, ಎದುರು ಗುಡ್ಡದಿಂದ ನೋಡಿದಂತೆ ಒಳಗಿನದನ್ನು ಓದಬಹುದಾಗಿತ್ತು. ಗೋಡೆಯನ್ನು ಇನ್ನಷ್ಟು ದಪ್ಪ ಮಾಡಿ ಸರಿಪಡಿಸಿದರು. ಅದಕ್ಕೂ ಬೆಲೆ ತೆತ್ತದ್ದು ವೇಗದಲ್ಲಿಯೇ.

ಆ ಐತಿಹ್ಯದ ಕೊನೆ ನನ್ನನ್ನು ಈಗ ಬೇರೆ ರೀತಿ ಕಾಡುತ್ತದೆ. ಹೈದರಾಲಿ ಆ ಇಂಜಿನಿಯರನನ್ನು ಗಲ್ಲಿಗೇರಿಸಿದನೆಂದು ಹೇಳುತ್ತಾರೆ. ಜಾಗ ಆರಿಸಿದವರು ಯಾರು, ಗುಡ್ಡದ ಎತ್ತರ ಅಳೆಯದವರು ಯಾರು ಎಂದು ಯಾರೂ ಕೇಳಿದಂತಿಲ್ಲ. ಆ ಕಥೆಯನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿ ನಿಮ್ಮನ್ನು ನಗಿಸಿದ್ದೇನೆ. ನಾನೂ ಅದನ್ನೇ ಮಾಡಿದ್ದೆನೆಂದು ಹೊಳೆಯಲು ಇಷ್ಟು ವರ್ಷ ಬೇಕಾಯಿತು. ಅಂಕಪಟ್ಟಿಯನ್ನೂ ಮಕ್ಕಳ ಪ್ರಯೋಗವನ್ನೂ ಗೋಡೆಯಿಲ್ಲದ ಒಂದೇ ಯಂತ್ರದಲ್ಲಿ ಇಟ್ಟವನು ನಾನು. ನಕಲು ಪ್ರತಿ ಇಟ್ಟುಕೊಳ್ಳದವನು ನಾನು. ಯಂತ್ರವನ್ನು ಆರಿಸಿ ಹಚ್ಚದೆ ಕೂತವನೂ ನಾನೇ.

ಬೆಳಿಗ್ಗೆ ಅಕ್ಕನ ಮೊಮ್ಮಗನಿಗೆ ನಾನು ಗೋಡೆ ಕಟ್ಟು ಎಂದು ಹೇಳಲಿಲ್ಲ. ಅವನ ಆಟದ ಮನೆ, ಅವನಿಷ್ಟ. ಒಂದೇ ಮಾತು ಹೇಳಿದೆ: "ಇದನ್ನು ಬೇರೆಯವರಿಗೆ ಕೊಡುವ ದಿನ ಬಂದರೆ, ಮೊದಲ ಪರದೆಯ ಮೇಲೆಯೇ ಇದರಲ್ಲಿ ಗೋಡೆಯಿಲ್ಲ ಎಂದು ಬರೆ. ಅವರು ತಮ್ಮ ಲೆಕ್ಕಪತ್ರ ಇದರಲ್ಲಿ ಇಡುವ ಮೊದಲು ತಿಳಿದಿರಲಿ." ಅವನು ಅಲ್ಲಿಯೇ ಕುಳಿತು ಆ ಸಾಲು ಸೇರಿಸಿದ. ಗಡಿಯಾರದ ಕೆಳಗೆ, ಕನ್ನಡದಲ್ಲಿಯೇ.

ಕುರುಗೋಡಿನ ಆ ನನ್ನ ವಿದ್ಯಾರ್ಥಿ ಇದನ್ನು ಓದುತ್ತಿದ್ದರೆ, ಅಥವಾ ಓದಿದವರು ಅವನಿಗೆ ತಿಳಿಸಿದರೆ, ಇಷ್ಟು ಹೇಳಬೇಕಾಗಿದೆ. ಅಂದು ತರಗತಿಯ ಮುಂದೆ ನಾನು ಆಡಿದ ಮಾತಿಗೆ ನನ್ನ ಬಳಿ ಆಧಾರವಿರಲಿಲ್ಲ. ನೀನು ಕೆಡಿಸಿದೆ ಎಂದು ಹೇಳುವ ಅಧಿಕಾರ ನನಗಿರಲಿಲ್ಲ. ಎಲ್ಲರ ಮುಂದೆ ಹೇಳಿದ ಮಾತನ್ನು ಎಲ್ಲರ ಮುಂದೆಯೇ ಹಿಂದೆ ತೆಗೆದುಕೊಳ್ಳುತ್ತಿದ್ದೇನೆ. ಅಂದಿನ ತರಗತಿಯ ಉಳಿದವರೂ ಇದನ್ನು ಗಮನಿಸಬೇಕೆಂದು ಕೋರುತ್ತೇನೆ. ಬಳ್ಳಾರಿಗೆ ಬಂದಾಗ ಮನೆಗೆ ಬಾ. ಪೋಕ್ ಆಜ್ಞೆಯಿಂದ ಅಕ್ಷರ ಮೂಡಿಸುವ ಆ ಉಪಾಯವನ್ನು ಅಂದು ನೀನು ತೋರಿಸಲು ಬಂದಾಗ ನಾನು ನೋಡಲಿಲ್ಲ. ಈಗ ನೋಡುವ ಆಸೆಯಿದೆ.